ಗ್ರೀಕ್ ನೀತಿಮೀಮಾಂಸೆ ಮತ್ತು ಕಲ್ಯಾಣದ ಕಾಯಕ ಪರಂಪರೆ: ಸಮಕಾಲೀನ ಸಮಾಜದ ನೆಲೆಯಲ್ಲಿ ಒಂದು ವಿವೇಚನೆ

ಬೀದರ ಜಿಲ್ಲೆಯ ಹುಮನಾಬಾದ್ ತಾಲ್ಲೂಕಿನ ದುಬಲಗುಂಡಿ ಮತ್ತು ಅದರ ಸುತ್ತಲಿನ ಗ್ರಾಮಗಳು ಕನ್ನಡ ಸಂಸ್ಕೃತಿಯ ಚರಿತ್ರೆಯಲ್ಲಿ ವಿಶಿಷ್ಟವಾದ ಪರಿಸರವೊಂದಕ್ಕೆ ಸೇರಿವೆ. ಕಲ್ಯಾಣ ಚಾಲುಕ್ಯರ ರಾಜಧಾನಿ, ಆರನೆಯ ವಿಕ್ರಮಾದಿತ್ಯನ ಕಾಲದ ಜಲಸಂಗಿಯ ದೇವಾಲಯ, ಹನ್ನೆರಡನೆಯ ಶತಮಾನದ ಶರಣರ ನೆಲೆ, ಬಹಮನಿ ಸುಲ್ತಾನರ ಬೀದರ, ಮಾಣಿಕಪ್ರಭುಗಳ ಮಾಣಿಕನಗರ ಇವೆಲ್ಲವೂ ಈ ಪರಿಸರದ ಆಸುಪಾಸಿನಲ್ಲಿಯೇ ಇವೆ. ಕನ್ನಡ, ಮರಾಠಿ, ಉರ್ದು, ತೆಲುಗು ಭಾಷೆಗಳು ಸಂತೆಯಲ್ಲಿ ಒಟ್ಟಿಗೆ ಕೇಳಿಬರುವ ಈ ನೆಲದಲ್ಲಿ ‘ಒಳ್ಳೆಯ ಬಾಳು ಯಾವುದು, ಅದಕ್ಕೆ ಅರ್ಹರು ಯಾರು’ ಎಂಬ ಪ್ರಶ್ನೆ ಎಂಟು ಶತಮಾನಗಳಿಗೂ ಹಿಂದೆ ತೀವ್ರವಾಗಿ ಚರ್ಚಿತವಾಯಿತು. ಇದೇ ಪ್ರಶ್ನೆ ಕ್ರಿಸ್ತಪೂರ್ವ ಐದು ಮತ್ತು ನಾಲ್ಕನೆಯ ಶತಮಾನಗಳ ಅಥೆನ್ಸಿನಲ್ಲಿ ಸಾಕ್ರೆಟೀಸ್, ಪ್ಲೇಟೋ ಮತ್ತು ಅರಿಸ್ಟಾಟಲರ ಚಿಂತನೆಯ ಕೇಂದ್ರವಾಗಿತ್ತು. ಈ ಎರಡು ಚಿಂತನೆಗಳನ್ನು ಎದುರುಬದುರಾಗಿ ನಿಲ್ಲಿಸಿ, ಇಂದಿನ ಸಮಾಜದ ದುಡಿಮೆ, ನ್ಯಾಯ ಮತ್ತು ವಿಚಾರ ಸ್ವಾತಂತ್ರ್ಯದ ಸಮಸ್ಯೆಗಳಿಗೆ ಅವು ಯಾವ ಬೆಳಕನ್ನು ನೀಡಬಲ್ಲವು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

1. ತೌಲನಿಕ ವಿವೇಚನೆಯ ಮಿತಿಗಳು

ಕನ್ನಡಕ್ಕೂ ಗ್ರೀಸಿಗೂ ಇರುವ ನಂಟನ್ನು ಕುರಿತ ಚರ್ಚೆ ಹೊಸದೇನಲ್ಲ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತು 1903ರಲ್ಲಿ ಪ್ರಕಟವಾದ ಗ್ರೀಕ್ ಪ್ರಹಸನದಲ್ಲಿ ಕನ್ನಡದ ಮಾತುಗಳಿವೆಯೇ ಎಂಬ ವಿಷಯವು ವಿದ್ವಾಂಸರ ಗಮನವನ್ನು ದೀರ್ಘಕಾಲ ಸೆಳೆದಿತ್ತು. ಮಂಜೇಶ್ವರದ ಗೋವಿಂದ ಪೈ ಅವರೂ ಈ ಚರ್ಚೆಯಲ್ಲಿ ತೊಡಗಿದ್ದರು. ಆಧುನಿಕ ಕಾಲದಲ್ಲಿ ಬಿ. ಎಂ. ಶ್ರೀಕಂಠಯ್ಯನವರು ಸೋಫೋಕ್ಲೀಸನ ‘ಅಜಾಕ್ಸ್’ ನಾಟಕವನ್ನು ‘ಅಶ್ವತ್ಥಾಮನ್’ ಆಗಿಯೂ ಈಸ್ಕಿಲಸನ ನಾಟಕವನ್ನು ‘ಪಾರಸಿಕರು’ ಆಗಿಯೂ ಕನ್ನಡಕ್ಕೆ ತಂದರು. ಪಿ. ಲಂಕೇಶರು ಈಡಿಪಸ್ ಮತ್ತು ಅಂತಿಗೊನೆಯರ ಕಥೆಯನ್ನು ಕನ್ನಡಕ್ಕೆ ಅನುವಾದಿಸಿದರು. ಎ. ಎನ್. ಮೂರ್ತಿರಾಯರು ಸಾಕ್ರೆಟೀಸನ ಕೊನೆಯ ದಿನಗಳನ್ನು ಕುರಿತ ಪ್ಲೇಟೋನ ಸಂವಾದಗಳನ್ನು ಕನ್ನಡ ಓದುಗರಿಗೆ ಪರಿಚಯಿಸಿದರು. ಈ ಪಟ್ಟಿಯಲ್ಲಿ ಒಂದು ಅಂಶ ಎದ್ದುಕಾಣುತ್ತದೆ. ಗ್ರೀಕ್ ಚಿಂತನೆಯು ಕನ್ನಡಕ್ಕೆ ಪ್ರಮುಖವಾಗಿ ರುದ್ರನಾಟಕ ಮತ್ತು ಕಾವ್ಯಮೀಮಾಂಸೆಯ ಮೂಲಕ ಬಂದಿತು. ವಿಧಿ, ಅಹಂಕಾರ, ಪತನ ಮುಂತಾದ ಕಲ್ಪನೆಗಳು ನಮ್ಮ ವಿಮರ್ಶೆಗೆ ಪರಿಚಿತವಾದಷ್ಟು ಅರಿಸ್ಟಾಟಲನ ‘ನೈಕೋಮೇಕಿಯನ್ ಎಥಿಕ್ಸ್’ನ ಹತ್ತು ಭಾಗಗಳಲ್ಲಿರುವ ನ್ಯಾಯ, ವಿವೇಕ, ಸ್ನೇಹಗಳ ವಿವೇಚನೆ ಪರಿಚಿತವಾಗಲಿಲ್ಲ.

ಇನ್ನೊಂದೆಡೆ, ತುಲನೆಯ ಉತ್ಸಾಹದಲ್ಲಿ ಹುಟ್ಟಿಕೊಂಡ ಕೆಲವು ಸಮೀಕರಣಗಳು ಪರೀಕ್ಷೆಗೆ ಒಳಗಾಗಬೇಕಾಗಿದೆ. ಅನುಭವ ಮಂಟಪವನ್ನು ಜಗತ್ತಿನ ಮೊದಲ ಸಂಸತ್ತು ಎಂದು ಕರೆಯುವುದು ವಾಡಿಕೆಯಾಗಿದೆ. ಅಥೆನ್ಸಿನ ಪೌರಸಭೆಯು ನಿಕ್ಸ್ ಗುಡ್ಡದ ಮೇಲೆ ವರ್ಷಕ್ಕೆ ಸುಮಾರು 40 ಬಾರಿ ಸೇರುತ್ತಿತ್ತು. ಯುದ್ಧ, ಶಾಂತಿ ಹಾಗೂ ರಾಜ್ಯದ ವೆಚ್ಚಗಳನ್ನು ಮತದಿಂದ ನಿರ್ಧರಿಸುತ್ತಿತ್ತು. ಅಲ್ಲಿ ಸ್ತ್ರೀಯರಿಗೆ, ದಾಸರಿಗೆ ಮತ್ತು ಹೊರನಾಡಿನವರಿಗೆ ಪ್ರವೇಶವಿರಲಿಲ್ಲ. ಶರಣರ ಗೋಷ್ಠಿಗೆ ರಾಜ್ಯಾಧಿಕಾರವಿರಲಿಲ್ಲ. ಆದರೆ ಅಗಸ, ಅಂಬಿಗ, ಮಾದಾರ, ಸೂಳೆಯರಾಗಿದ್ದವರು ಮತ್ತು ಮೂವತ್ತಕ್ಕೂ ಹೆಚ್ಚು ಮಂದಿ ವಚನಕಾರ್ತಿಯರು ಅದರ ಬಳಗಕ್ಕೆ ಸೇರಿದ್ದರು. ಇದಲ್ಲದೆ, ಮಂಟಪದ ವಿವರವಾದ ಚಿತ್ರವು ನಮಗೆ ದೊರೆಯುವುದು ಹದಿನೈದನೆಯ ಶತಮಾನದಿಂದ ಸಂಕಲಿತವಾದ ಶೂನ್ಯಸಂಪಾದನೆಗಳಲ್ಲಿ ಎಂಬುದನ್ನೂ ಸಂಶೋಧಕರು ನೆನಪಿಡಬೇಕು. ಆದ್ದರಿಂದ ಕಲ್ಯಾಣದ ಶರಣ ಸಮೂಹವನ್ನು ಅಥೆನ್ಸಿನ ಪೌರಸಭೆಗೆ ಹೋಲಿಸುವುದಕ್ಕಿಂತ ಪ್ಲೇಟೋನ ಅಕಾಡೆಮಿ, ಎಪಿಕ್ಯೂರಸನ ಉದ್ಯಾನ, ಸ್ಟೋಯಿಕರ ಚಿತ್ರಶಾಲೆ ಮುಂತಾದ ಚಿಂತಕರ ಕೂಟಗಳಿಗೆ ಹೋಲಿಸುವುದು ಹೆಚ್ಚು ಸಮಂಜಸ. 2021ರ ಜನವರಿ 6ರಂದು ಬಸವಕಲ್ಯಾಣದಲ್ಲಿ ನೂತನ ಅನುಭವ ಮಂಟಪಕ್ಕೆ ಶಂಕುಸ್ಥಾಪನೆಯಾಗಿದೆ. 2024ರಲ್ಲಿ ಕರ್ನಾಟಕ ಸರ್ಕಾರವು ಬಸವಣ್ಣನವರನ್ನು ರಾಜ್ಯದ ಸಾಂಸ್ಕೃತಿಕ ನಾಯಕರೆಂದು ಘೋಷಿಸಿದೆ. ಇಂತಹ ಸಂದರ್ಭದಲ್ಲಿ ಹೊಗಳಿಕೆಯ ಸಮೀಕರಣಕ್ಕಿಂತ ವಸ್ತುನಿಷ್ಠ ತುಲನೆಯ ಅಗತ್ಯ ಹೆಚ್ಚಾಗಿದೆ.

2. ‘ಮಧ್ಯಮ’ವೋ ‘ಹದ’ವೋ: ಪರಿಭಾಷೆಯ ಪ್ರಶ್ನೆ

ಗ್ರೀಕ್ ನೀತಿಚಿಂತನೆಯನ್ನು ಕನ್ನಡದಲ್ಲಿ ಚರ್ಚಿಸುವಾಗ ಎದುರಾಗುವ ಮೊದಲ ತೊಡಕು ಪರಿಭಾಷೆಯದು. ಅರಿಸ್ಟಾಟಲನ ‘ಯೂಡೈಮೋನಿಯಾ’ ಎಂಬುದನ್ನು ‘ಸುಖ’ ಎಂದು ಅನುವಾದಿಸಿದರೆ ಅದು ಕ್ಷಣಿಕವಾದ ಮನಃಸ್ಥಿತಿಯನ್ನು ಸೂಚಿಸುತ್ತದೆ. ಅವನ ಉದ್ದೇಶ ಅದಲ್ಲ. ಇಡೀ ಆಯುಷ್ಯವನ್ನು ಗಮನದಲ್ಲಿರಿಸಿಕೊಂಡು, ಮನುಷ್ಯನು ತನ್ನ ಶಕ್ತಿಗಳನ್ನು ಸದ್ಗುಣಕ್ಕೆ ಅನುಗುಣವಾಗಿ ಕ್ರಿಯೆಯಲ್ಲಿ ತೊಡಗಿಸಿ ಬಾಳುವುದನ್ನು ಆ ಪದ ಹೇಳುತ್ತದೆ. ‘ಬಾಳಿನ ಸಾರ್ಥಕತೆ’ ಎಂಬುದು ಇದಕ್ಕೆ ಹತ್ತಿರವಾದ ಕನ್ನಡ. ‘ಆರೆಟೆ’ ಎಂಬುದನ್ನು ಸದ್ಗುಣವೆನ್ನುವುದು ರೂಢಿಯಾದರೂ ಅದರಲ್ಲಿ ‘ತನ್ನ ಕೆಲಸವನ್ನು ಚೆನ್ನಾಗಿ ನೆರವೇರಿಸುವ ಸಾಮರ್ಥ್ಯ’ ಎಂಬ ಅರ್ಥವೂ ಅಡಗಿದೆ.

‘ಮೆಸೊಟೆಸ್’ ಎಂಬ ಕಲ್ಪನೆಯನ್ನು ‘ಮಧ್ಯಮ ಮಾರ್ಗ’ ಎಂದು ಅನುವಾದಿಸುವ ಪದ್ಧತಿಯು ಇನ್ನೂ ಹೆಚ್ಚಿನ ಗೊಂದಲಕ್ಕೆ ಎಡೆಮಾಡಿದೆ. ಈ ಪದ ಬೌದ್ಧರ ಮಾರ್ಗವನ್ನು ನೆನಪಿಸುವುದರ ಜೊತೆಗೆ ಎರಡು ತುದಿಗಳ ನಡುವಿನ ಲೆಕ್ಕದ ಮಧ್ಯಬಿಂದುವೆಂಬ ಭಾವನೆಯನ್ನೂ ಮೂಡಿಸುತ್ತದೆ. ಅರಿಸ್ಟಾಟಲನು ಇದನ್ನೇ ನಿರಾಕರಿಸಿದ್ದಾನೆ. ಹತ್ತು ಪಾಲು ಆಹಾರ ಹೆಚ್ಚು, ಎರಡು ಪಾಲು ಕಡಿಮೆ ಎಂದಾಕ್ಷಣ ಆರು ಪಾಲು ಎಲ್ಲರಿಗೂ ಸರಿಯಾಗುವುದಿಲ್ಲ. ಜಟ್ಟಿಯಾದ ಮೈಲೋನಿಗೆ ಅದು ಸಾಲದು, ಆಗ ತಾನೇ ಗರಡಿಗೆ ಇಳಿದವನಿಗೆ ಅದು ಅತಿಯಾದೀತು ಎಂಬುದು ಅವನ ಉದಾಹರಣೆ. ಸರಿಯಾದ ಸಮಯದಲ್ಲಿ, ಸರಿಯಾದ ವ್ಯಕ್ತಿಯ ವಿಷಯದಲ್ಲಿ, ಸರಿಯಾದ ರೀತಿಯಲ್ಲಿ ವರ್ತಿಸುವುದೇ ಅವನು ಹೇಳುವ ಮಧ್ಯ. ಕನ್ನಡದ ‘ಹದ’ ಎಂಬ ಪದ ಈ ಅರ್ಥವನ್ನು ಸಮರ್ಥವಾಗಿ ಹಿಡಿಯುತ್ತದೆ. ಹುಮನಾಬಾದ್ ಸೀಮೆಯ ರೈತನು ತೊಗರಿ, ಉದ್ದು, ಹೆಸರುಗಳನ್ನು ಬಿತ್ತುವ ಮುನ್ನ ನೆಲದ ಹದ ನೋಡುತ್ತಾನೆ. ಎರೆಯ ಹದ ಬೇರೆ, ಕೆಂಪು ನೆಲದ ಹದ ಬೇರೆ; ಒಂದು ಮಳೆಯ ನಂತರದ ಹದ ಮೂರು ದಿನಕ್ಕೆ ಉಳಿಯುವುದಿಲ್ಲ. ಕಮ್ಮಾರನ ಕಬ್ಬಿಣಕ್ಕೂ ಸಮಗಾರನ ತೊಗಲಿಗೂ ಅಡಿಗೆಯ ಪಾಕಕ್ಕೂ ಹದವೇ ಪ್ರಮಾಣ. ಹದವನ್ನು ಪುಸ್ತಕದಿಂದ ಕಲಿಯಲಾಗದು; ಮಾಡುತ್ತ ಮಾಡುತ್ತ ಅದು ಕೈಗೆ ಬರುತ್ತದೆ. ಅರಿಸ್ಟಾಟಲನ ‘ಫ್ರೊನೆಸಿಸ್’ ಅಥವಾ ವ್ಯವಹಾರ ವಿವೇಕದ ಲಕ್ಷಣವೂ ಇದೇ ಆಗಿದೆ.

3. ಕುಶಲಕರ್ಮಿಯ ಸ್ಥಾನ: ಒಂದು ವೈರುಧ್ಯ

ಇಲ್ಲಿ ಗ್ರೀಕ್ ಚಿಂತನೆಯ ಒಳಗಿನ ವೈರುಧ್ಯವೊಂದು ಸ್ಪಷ್ಟವಾಗುತ್ತದೆ. ಸದ್ಗುಣವು ಹುಟ್ಟಿನಿಂದ ಬರುವುದಿಲ್ಲ, ಅಭ್ಯಾಸದಿಂದ ಮೈಗೂಡುತ್ತದೆ ಎಂಬುದನ್ನು ವಿವರಿಸಲು ಅರಿಸ್ಟಾಟಲನು ಕುಶಲಕರ್ಮಿಯ ದೃಷ್ಟಾಂತವನ್ನೇ ಆಶ್ರಯಿಸುತ್ತಾನೆ. ಮನೆ ಕಟ್ಟುತ್ತ ಒಬ್ಬನು ಕಟ್ಟುವವನಾಗುವಂತೆ, ನ್ಯಾಯವಾದುದನ್ನು ಮಾಡುತ್ತ ಮನುಷ್ಯನು ನ್ಯಾಯವಂತನಾಗುತ್ತಾನೆ ಎಂಬುದು ಅವನ ನಿಲುವು. ಆದರೆ ‘ಪಾಲಿಟಿಕ್ಸ್’ ಗ್ರಂಥದಲ್ಲಿ ಅದೇ ಕುಶಲಕರ್ಮಿಗೆ ಉತ್ತಮ ರಾಜ್ಯದ ಪೌರತ್ವವನ್ನು ಅವನು ನಿರಾಕರಿಸುತ್ತಾನೆ. ಕೂಲಿಗಾಗಿ ಮಾಡುವ ಕೈಕೆಲಸವು ದೇಹವನ್ನೂ ಮನಸ್ಸನ್ನೂ ಕುಗ್ಗಿಸುತ್ತದೆ, ಸದ್ಗುಣದ ಅಭ್ಯಾಸಕ್ಕೆ ಅಗತ್ಯವಾದ ಬಿಡುವನ್ನು ಕಸಿಯುತ್ತದೆ ಎಂಬುದು ಅವನು ನೀಡುವ ಕಾರಣ. ಥೀಬ್ಸ್ ನಗರದಲ್ಲಿ ಹತ್ತು ವರ್ಷ ವ್ಯಾಪಾರದಿಂದ ದೂರವಿದ್ದವನಿಗೆ ಮಾತ್ರ ಅಧಿಕಾರಸ್ಥಾನವನ್ನು ನೀಡುವ ನಿಯಮವಿದ್ದುದನ್ನು ಅವನು ಉಲ್ಲೇಖಿಸುತ್ತಾನೆ. ದಾಸನನ್ನು ಜೀವವುಳ್ಳ ಉಪಕರಣವೆಂದು ಅವನು ವರ್ಣಿಸುವುದು ಸುಪರಿಚಿತ. ಹೀಗೆ ಸದ್ಗುಣದ ಮಾದರಿಯನ್ನು ದುಡಿಯುವವನ ಕೈಯಿಂದ ಪಡೆದು, ಸದ್ಗುಣದ ಅರ್ಹತೆಯನ್ನು ಅವನಿಗೆ ನಿರಾಕರಿಸಿದ ತತ್ತ್ವಶಾಸ್ತ್ರ ಇದಾಯಿತು.

ಕಲ್ಯಾಣದ ಶರಣರು ಈ ವೈರುಧ್ಯವನ್ನು ತಿಳಿದಿರಲಿಲ್ಲ. ಆದರೆ ಅದಕ್ಕೆ ನೇರವಾದ ಉತ್ತರವನ್ನು ನೀಡಿದರು. ಕಾಯಕವನ್ನು ಕೈಲಾಸಕ್ಕೆ ಸಮವೆಂದು ಭಾವಿಸಿದ ಅವರ ದೃಷ್ಟಿಯಲ್ಲಿ ದುಡಿಮೆಯು ಸದ್ಗುಣದ ದೃಷ್ಟಾಂತ ಮಾತ್ರವಲ್ಲ, ಅದರ ನೆಲೆಯೇ ಆಗಿದೆ. ಹುಲ್ಲಿನ ಹಗ್ಗ ಹೊಸೆಯುತ್ತಿದ್ದ ನುಲಿಯ ಚಂದಯ್ಯನು ಕಳಚಿಬಿದ್ದ ಲಿಂಗವನ್ನೂ ಲೆಕ್ಕಿಸದೆ ಕಾಯಕದಲ್ಲಿ ತೊಡಗಿದನೆಂಬ ಐತಿಹ್ಯವು ಈ ನಿಲುವಿನ ತುದಿಯನ್ನು ತೋರಿಸುತ್ತದೆ. ಬೀದಿ ಗುಡಿಸುವ ಕಾಯಕದ ಸತ್ಯಕ್ಕನು ದಾರಿಯಲ್ಲಿ ಬಿದ್ದ ಪರರ ಹೊನ್ನನ್ನೂ ವಸ್ತ್ರವನ್ನೂ ಮುಟ್ಟೆನೆಂದು ಆಣೆಯಿಟ್ಟುಕೊಂಡುದರಲ್ಲಿ, ಅತಿ ಕೆಳಗಿನದೆಂದು ಎಣಿಸಲಾದ ವೃತ್ತಿಯೇ ನೈತಿಕ ದೃಢತೆಯ ಸ್ಥಾನವಾಗಿರುವುದನ್ನು ಕಾಣಬಹುದು.

ಗ್ರೀಕ್ ಪರಂಪರೆಯಲ್ಲಿಯೂ ಅರಿಸ್ಟಾಟಲನ ನಿಲುವಿಗೆ ಹೊರತಾದ ಧ್ವನಿಗಳಿದ್ದವು. ಕ್ರಿಸ್ತಶಕ ಮೂರನೆಯ ಶತಮಾನದವನೆಂದು ಭಾವಿಸಲಾದ ಡಯೋಜೆನಿಸ್ ಲಯೆರ್ಷಿಯಸನು ತತ್ತ್ವಜ್ಞಾನಿಗಳ ಜೀವನಗಳನ್ನು ಸಂಗ್ರಹಿಸಿದ್ದಾನೆ. ಅದರಲ್ಲಿ ಬರುವ ಸಿಮೋನನು ಅಥೆನ್ಸಿನ ಚಮ್ಮಾರ. ಸಾಕ್ರೆಟೀಸನು ಅವನ ಅಂಗಡಿಗೆ ಬಂದು ಸಂವಾದ ನಡೆಸುತ್ತಿದ್ದನೆಂದೂ, ಸಿಮೋನನು ಅದನ್ನು ಬರೆದಿಡುತ್ತಿದ್ದನೆಂದೂ ಆ ಗ್ರಂಥ ತಿಳಿಸುತ್ತದೆ. ತನ್ನ ಬಳಿಗೆ ಬಂದರೆ ಪೋಷಿಸುವೆನೆಂದು ಪೆರಿಕ್ಲೀಸನು ಹೇಳಿದಾಗ, ನಿರ್ಭಯವಾಗಿ ಮಾತನಾಡುವ ಸ್ವಾತಂತ್ರ್ಯವನ್ನು ಮಾರುವುದಿಲ್ಲವೆಂದು ಸಿಮೋನನು ನಿರಾಕರಿಸಿದನಂತೆ. ಅಥೆನ್ಸಿನ ಅಗೋರಾದ ಬಳಿ ನಡೆದ ಉತ್ಖನನದಲ್ಲಿ ಪಾದರಕ್ಷೆಯ ಮೊಳೆಗಳೂ ಸಿಮೋನನ ಹೆಸರು ಕೊರೆದ ಬಟ್ಟಲಿನ ತಳವೂ ದೊರೆತಿವೆ. ಬಸವಕಲ್ಯಾಣದಲ್ಲಿ ಇಂದಿಗೂ ಗುರುತಿಸಲಾಗುವ ಹರಳಯ್ಯನ ಗವಿಯೊಂದಿಗೆ ಇದನ್ನು ಹೋಲಿಸುವುದು ಸಹಜ. ಆದರೆ ವ್ಯತ್ಯಾಸವೂ ಮಹತ್ವದ್ದು. ಸಿಮೋನನ ಸಂವಾದಗಳು ಕಳೆದುಹೋದವು. ಗ್ರೀಕ್ ತತ್ತ್ವಶಾಸ್ತ್ರದ ಮುಖ್ಯ ಪ್ರವಾಹದಲ್ಲಿ ಅವನು ಅಂಚಿನ ವ್ಯಕ್ತಿಯಾಗಿಯೇ ಉಳಿದನು. ಹರಳಯ್ಯನಾದರೋ ಶರಣ ಸಮುದಾಯದ ನಡುವೆಯೇ ನಿಂತವನು. ಅವನ ಮನೆಯ ಮದುವೆಯೇ ಕಲ್ಯಾಣದ ಕ್ರಾಂತಿಗೆ ಕಾರಣವಾಯಿತೆಂದು ಪರಂಪರೆ ಹೇಳುತ್ತದೆ.

ಇನ್ನೊಂದು ಹೋಲಿಕೆ ಇದಕ್ಕಿಂತಲೂ ಸೂಕ್ಷ್ಮವಾದುದು. ಸ್ಟೋಯಿಕ್ ಪಂಥದ ಸ್ಥಾಪಕನಾದ ಜೀನೋನ ಶಿಷ್ಯ ಕ್ಲಿಯಾಂಥಿಸನು ರಾತ್ರಿಯಿಡೀ ತೋಟಗಳಿಗೆ ನೀರು ಸೇದಿ, ಹಗಲಿನಲ್ಲಿ ತತ್ತ್ವಾಧ್ಯಯನ ಮಾಡುತ್ತಿದ್ದನು. ಅವನ ಜೀವನೋಪಾಯ ಯಾವುದೆಂದು ನ್ಯಾಯಸಭೆ ವಿಚಾರಿಸಿದಾಗ ತೋಟದವನೂ ಹಿಟ್ಟು ಮಾರುವವಳೂ ಸಾಕ್ಷಿ ನುಡಿದರು. ಮೆಚ್ಚಿದ ಸಭೆಯು ಅವನಿಗೆ ಹತ್ತು ಮಿನಾ ಹಣವನ್ನು ಕೊಡಲು ನಿರ್ಣಯಿಸಿತು. ಅದನ್ನು ಸ್ವೀಕರಿಸಕೂಡದೆಂದು ಜೀನೋ ತಡೆದನು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಅವನ ಮಡದಿ ಲಕ್ಕಮ್ಮನು ಅದನ್ನು ಹಿಂದಕ್ಕೆ ಸುರಿದುಬರುವಂತೆ ಹೇಳಿದ ಪ್ರಸಂಗವು ಇದರೊಡನೆ ನೆನಪಾಗುತ್ತದೆ. ಎರಡೂ ಕಡೆ ಅಗತ್ಯಕ್ಕೆ ಮೀರಿದುದರ ನಿರಾಕರಣೆಯಿದೆ. ಜೀನೋನ ತಡೆಯಲ್ಲಿ ಶಿಷ್ಯನ ಆತ್ಮಸಂಯಮವು ಮುಖ್ಯವಾದರೆ, ಲಕ್ಕಮ್ಮನ ಮಾತಿನಲ್ಲಿ ಹೆಚ್ಚಿನದು ತಮಗೆ ಸಲ್ಲದು ಎಂಬ ಹಂಚಿಕೆಯ ವಿವೇಕವಿದೆ. ದಾಸೋಹದ ತತ್ತ್ವಕ್ಕೆ ಅದು ಆಧಾರವಾಗಿದೆ. ಅಲ್ಲದೆ ಕಲ್ಯಾಣದಲ್ಲಿ ತಿದ್ದುವವಳು ಮಡದಿ, ತಿದ್ದಿಸಿಕೊಳ್ಳುವವನು ಪತಿ. ಮನೆಯಲ್ಲಿ ಗಂಡನು ಹೆಂಡತಿಯನ್ನು ಆಳಬೇಕೆಂದು ಬೋಧಿಸಿದ ಅರಿಸ್ಟಾಟಲನ ಗೃಹನೀತಿಯಲ್ಲಿ ಲಕ್ಕಮ್ಮನಿಗೆ ಸ್ಥಳವಿಲ್ಲ. ಎಪಿಕ್ಯೂರಸನ ಉದ್ಯಾನದಲ್ಲಿ ಸ್ತ್ರೀಯರಿಗೂ ದಾಸರಿಗೂ ಪ್ರವೇಶವಿತ್ತೆಂಬುದು ನಿಜವಾದರೂ, ಅದು ನಗರದ ವ್ಯವಹಾರದಿಂದ ದೂರ ಸರಿದವರ ಕೂಟವಾಗಿತ್ತು.

4. ಬೀದರಿನ ಮೂಲಕ ಬಂದ ಅರಿಸ್ಟಾಟಲ್

ಮೇಲಿನ ಹೋಲಿಕೆಗಳು ಸಾಮ್ಯವನ್ನು ಆಧರಿಸಿವೆಯೇ ಹೊರತು ಸಂಪರ್ಕವನ್ನಲ್ಲ. ಗ್ರೀಕ್ ನೀತಿಶಾಸ್ತ್ರವು ನಿಜವಾದ ಚಾರಿತ್ರಿಕ ಮಾರ್ಗದಲ್ಲಿ ಈ ಜಿಲ್ಲೆಯ ಸಮೀಪಕ್ಕೆ ಬಂದುದು ಪಾರಸಿ ಭಾಷೆಯ ಮೂಲಕ. ಅರಿಸ್ಟಾಟಲನ ನೀತಿಗ್ರಂಥವು ಒಂಬತ್ತನೆಯ ಶತಮಾನದಲ್ಲಿ ಅರಬ್ಬಿಗೆ ಅನುವಾದವಾಯಿತು. ಮಿಸ್ಕವೈಹನು ಅದನ್ನು ಅವಲಂಬಿಸಿ ಅರಬ್ಬಿಯಲ್ಲಿ ನೀತಿಗ್ರಂಥವನ್ನು ರಚಿಸಿದನು. ಅದನ್ನು ಆಧರಿಸಿ ನಾಸಿರುದ್ದೀನ್ ತೂಸಿಯು 1235ರ ಸುಮಾರಿಗೆ ಪಾರಸಿಯಲ್ಲಿ ‘ಅಖ್ಲಾಕ್-ಎ-ನಾಸಿರಿ’ಯನ್ನು ಬರೆದನು. ವ್ಯಕ್ತಿನೀತಿ, ಗೃಹನೀತಿ, ರಾಜನೀತಿ ಎಂಬ ಮೂರು ವಿಭಾಗಗಳ ಈ ಕೃತಿಯ ಮಾದರಿಯಲ್ಲಿ ಹದಿನೈದನೆಯ ಶತಮಾನದಲ್ಲಿ ಜಲಾಲುದ್ದೀನ್ ದವಾನಿಯು ‘ಅಖ್ಲಾಕ್-ಎ-ಜಲಾಲಿ’ಯನ್ನು ರಚಿಸಿದನು. ಈ ದವಾನಿಯು ಬೀದರಿನ ವಜೀರನಾಗಿದ್ದ ಮಹಮೂದ್ ಗವಾನನಿಗೆ ತನ್ನ ತತ್ತ್ವಶಾಸ್ತ್ರದ ವ್ಯಾಖ್ಯಾನಗ್ರಂಥವೊಂದನ್ನು ಅರ್ಪಿಸಿದ್ದಾನೆ. ಗವಾನನ ಪತ್ರಸಂಗ್ರಹವಾದ ‘ರಿಯಾಜುಲ್ ಇನ್ಶಾ’ದಲ್ಲಿ ಅವನಿಗೆ ಬರೆದ ಪತ್ರಗಳಿವೆ. 1472ರಲ್ಲಿ ಗವಾನನು ಬೀದರಿನಲ್ಲಿ ಕಟ್ಟಿಸಿದ ಮದರಸವು ಇಂದಿಗೂ ಆ ವಿದ್ಯಾಪ್ರೇಮದ ಸಾಕ್ಷಿಯಾಗಿ ನಿಂತಿದೆ.

ಹೀಗೆ ಅರಿಸ್ಟಾಟಲನ ಸದ್ಗುಣಗಳ ವಿಚಾರವು ಅಥೆನ್ಸ್, ಬಾಗ್ದಾದ್, ಇರಾನ್‌ಗಳನ್ನು ಹಾದು ಕಲ್ಯಾಣದ ನೆರೆಯ ರಾಜಧಾನಿಯ ವಿದ್ವತ್ ವಲಯವನ್ನು ತಲುಪಿತ್ತು. ಆದರೆ ಅದು ಆಸ್ಥಾನದ ಭಾಷೆಯಲ್ಲಿ ಉಳಿಯಿತು. ಹಳ್ಳಿಯ ಕನ್ನಡದ ಸಂಪರ್ಕಕ್ಕೆ ಬರಲಿಲ್ಲ. ಎರಡು ನೀತಿಪರಂಪರೆಗಳು ಒಂದೇ ಸೀಮೆಯಲ್ಲಿದ್ದೂ ಒಂದನ್ನೊಂದು ಪ್ರಶ್ನಿಸುವ ಅವಕಾಶ ಒದಗದೆ ಹೋದದ್ದು ಈ ಪ್ರದೇಶದ ಬೌದ್ಧಿಕ ಚರಿತ್ರೆಯ ದೊಡ್ಡ ನಷ್ಟವೆಂದೇ ಹೇಳಬೇಕು. ಕನ್ನಡದ ತೌಲನಿಕ ಅಧ್ಯಯನಗಳು ಸಂಸ್ಕೃತ ಮತ್ತು ಇಂಗ್ಲಿಷ್ ಮೂಲಗಳ ಜೊತೆಗೆ ಪಾರಸಿ ಮೂಲಗಳತ್ತಲೂ ಗಮನ ಹರಿಸಬೇಕೆಂಬುದಕ್ಕೆ ಇದು ಸಾಕಷ್ಟು ಕಾರಣ.

5. ನ್ಯಾಯದ ಪ್ರಮಾಣ: ಆಯದಿಂದ 371-ಜೆ ವರೆಗೆ

ಸಮಕಾಲೀನ ಸಮಾಜಕ್ಕೆ ಗ್ರೀಕ್ ನೀತಿಶಾಸ್ತ್ರವು ನೀಡಬಲ್ಲ ಮುಖ್ಯ ಕೊಡುಗೆ ಅದರ ನ್ಯಾಯವಿಚಾರ. ‘ನೈಕೋಮೇಕಿಯನ್ ಎಥಿಕ್ಸ್’ನ ಐದನೆಯ ಭಾಗದಲ್ಲಿ ಅರಿಸ್ಟಾಟಲನು ಹಂಚಿಕೆಯ ನ್ಯಾಯ, ಸರಿಪಡಿಸುವ ನ್ಯಾಯ ಮತ್ತು ವಿನಿಮಯದ ನ್ಯಾಯಗಳನ್ನು ವಿವರಿಸುತ್ತಾನೆ. ಮನೆ ಕಟ್ಟುವವನೂ ಚಪ್ಪಲಿ ಹೊಲಿಯುವವನೂ ತಮ್ಮ ಕೆಲಸವನ್ನು ವಿನಿಮಯ ಮಾಡಿಕೊಳ್ಳುವಾಗ ಸರಿಯಾದ ಪ್ರಮಾಣವಿರಬೇಕು. ಈ ಪ್ರಮಾಣಬದ್ಧ ಕೊಡುಕೊಳೆಯೇ ನಗರವನ್ನು ಹಿಡಿದಿಡುತ್ತದೆ ಎಂಬುದು ಅವನ ಮಾತಿನ ತಾತ್ಪರ್ಯ.

ಕಲ್ಯಾಣ ನಾಡಿನ ಹಳ್ಳಿಗಳಲ್ಲಿದ್ದ ಆಯದ ಪದ್ಧತಿಯನ್ನು ಈ ಬೆಳಕಿನಲ್ಲಿ ನೋಡಬಹುದು. ಬಡಗಿ, ಕಮ್ಮಾರ, ಕುಂಬಾರ, ಕ್ಷೌರಿಕ, ಅಗಸ, ಸಮಗಾರ ಮೊದಲಾದವರು ವರ್ಷವಿಡೀ ಒಕ್ಕಲಿಗೆ ಕೆಲಸ ಮಾಡಿಕೊಟ್ಟು, ರಾಶಿಯ ಕಾಲದಲ್ಲಿ ಕಣದಲ್ಲಿ ತಮ್ಮ ಪಾಲಿನ ಕಾಳನ್ನು ಪಡೆಯುತ್ತಿದ್ದರು. ಮರಾಠಿಯ ಪ್ರಭಾವವಿದ್ದ ಕಡೆ ಇದನ್ನು ಬಾರಾ ಬಲೂತಿ ಎಂದೂ ಕರೆಯುತ್ತಿದ್ದರು. ಸಮಾನ ಒಕ್ಕಲುಗಳ ನಡುವೆ ‘ಮುಯ್ಯಾಳು’ ಎಂಬ ಪದ್ಧತಿಯಿತ್ತು. ಇಂದು ಒಬ್ಬರ ಹೊಲಕ್ಕೆ ಹೋದ ಆಳಿಗೆ ಪ್ರತಿಯಾಗಿ ನಾಳೆ ಇನ್ನೊಬ್ಬರ ಹೊಲಕ್ಕೆ ಆಳು ಬರುವ ಏರ್ಪಾಡು ಅದು. ಮೇಲ್ನೋಟಕ್ಕೆ ಎರಡೂ ಅರಿಸ್ಟಾಟಲನ ವಿನಿಮಯ ನ್ಯಾಯಕ್ಕೆ ಉದಾಹರಣೆಗಳಂತೆ ಕಾಣುತ್ತವೆ. ಆದರೆ ಮುಯ್ಯಿಯಲ್ಲಿ ಪ್ರಮಾಣವು ದುಡಿಮೆಯಿಂದ ನಿರ್ಧಾರವಾದರೆ, ಆಯದಲ್ಲಿ ಅದು ಹುಟ್ಟಿನಿಂದ ನಿರ್ಧಾರವಾಗುತ್ತಿತ್ತು. ಸಮಗಾರನ ಮಗನು ಸಮಗಾರನಾಗಿಯೇ ಇರಬೇಕಾಗಿತ್ತು. ಅವನ ಪಾಲನ್ನು ಅವನು ಕೇಳಿ ಪಡೆಯುವಂತಿರಲಿಲ್ಲ. ಹಂಚಿಕೆಯು ಯೋಗ್ಯತೆಗೆ ತಕ್ಕಂತಿರಬೇಕೆಂದು ಎಲ್ಲರೂ ಒಪ್ಪುತ್ತಾರೆ, ಯೋಗ್ಯತೆ ಯಾವುದೆಂಬುದರಲ್ಲಿ ಮಾತ್ರ ಜಗಳ ಎಂದು ಅರಿಸ್ಟಾಟಲನೇ ಗುರುತಿಸಿದ್ದನು. ಪ್ರಜಾಪ್ರಭುತ್ವವಾದಿಗಳಿಗೆ ಅದು ಸ್ವಾತಂತ್ರ್ಯ, ಕೆಲವರಿಗೆ ಸಂಪತ್ತು, ಮತ್ತೆ ಕೆಲವರಿಗೆ ಕುಲ. ಕಲ್ಯಾಣದಲ್ಲಿಯೇ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಆಸ್ತಿಯ ಹಕ್ಕು ಹುಟ್ಟಿನಿಂದಲೇ ಬರುತ್ತದೆಂದು ಪ್ರತಿಪಾದಿಸುವ ‘ಮಿತಾಕ್ಷರಾ’ವನ್ನು ರಚಿಸಿದನು. ಅದೇ ನಗರದಲ್ಲಿ ಮುಂದಿನ ತಲೆಮಾರುಗಳ ಶರಣರು ಮನುಷ್ಯನ ಯೋಗ್ಯತೆಗೆ ಹುಟ್ಟು ಪ್ರಮಾಣವಲ್ಲವೆಂದು ಸಾರಿದರು. ಯೋಗ್ಯತೆಯ ಬಗೆಗಿನ ಆ ವಿವಾದ ಇಂದಿಗೂ ಮುಗಿದಿಲ್ಲ.

ಆಧುನಿಕ ರಾಜ್ಯವು ಈ ಪ್ರಶ್ನೆಯನ್ನು ಪ್ರದೇಶಗಳ ನೆಲೆಯಲ್ಲಿಯೂ ಎದುರಿಸಬೇಕಾಯಿತು. 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಆಡಳಿತದಲ್ಲಿದ್ದ ಈ ಭಾಗವು 1956ರಲ್ಲಿ ಕನ್ನಡನಾಡಿನೊಂದಿಗೆ ಒಂದಾಯಿತು. ಡಿ. ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ನೀಡಿದ ವರದಿಯಲ್ಲಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತು. ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ 21 ಅಂದಿನ ಗುಲಬರ್ಗಾ ವಿಭಾಗಕ್ಕೆ ಸೇರಿದ್ದವು. ಸಂವಿಧಾನದ 98ನೆಯ ತಿದ್ದುಪಡಿಯ ಮೂಲಕ 371-ಜೆ ವಿಧಿ ಸೇರ್ಪಡೆಯಾಗಿ, ಈ ಭಾಗದವರಿಗೆ ಶಿಕ್ಷಣ ಮತ್ತು ಉದ್ಯೋಗದಲ್ಲಿ ಮೀಸಲಾತಿಯೂ ಅಭಿವೃದ್ಧಿಗೆ ಪ್ರತ್ಯೇಕ ಮಂಡಳಿಯೂ ದೊರೆತವು. 2019ರಲ್ಲಿ ಪ್ರದೇಶಕ್ಕೆ ‘ಕಲ್ಯಾಣ ಕರ್ನಾಟಕ’ ಎಂಬ ಹೆಸರಾಯಿತು. ಅಸಮಾನರಿಗೆ ಸಮಾನವಾಗಿ ಹಂಚುವುದು ಅನ್ಯಾಯವೆಂಬ ಅರಿಸ್ಟಾಟಲನ ಸೂತ್ರವನ್ನು ಇಲ್ಲಿ ಕುಲೀನರ ಪರವಾಗಿ ಅಲ್ಲ, ಹಿಂದುಳಿದವರ ಪರವಾಗಿ ಅನ್ವಯಿಸಲಾಗಿದೆ ಎಂಬುದು ಗಮನಾರ್ಹ. ಹಾಗೆ ಅನ್ವಯಿಸುವ ನೈತಿಕ ಅಧಿಕಾರ ಅರಿಸ್ಟಾಟಲನಿಂದ ಬಂದುದಲ್ಲ. ಯೋಗ್ಯತೆಯ ಅಳತೆಗೋಲನ್ನೇ ಬದಲಿಸಿದ ಶರಣರಂಥವರ ಚಿಂತನೆಯಿಂದ ಬಂದುದು.

6. ಕಾಯಕ ಮತ್ತು ಬಿಡುವು

ಆದರೆ ಕಾಯಕ ತತ್ತ್ವವೂ ಪ್ರಶ್ನಾತೀತವಲ್ಲ. ಇಂದು ಕಾಯಕದ ಮಾತು ಕಚೇರಿಯ ಗೋಡೆಗಳ ಮೇಲೆ, ಕಾರ್ಖಾನೆಯ ಬಾಗಿಲುಗಳಲ್ಲಿ, ಸಮಾರಂಭಗಳ ಫಲಕಗಳಲ್ಲಿ ಕಾಣಿಸಿಕೊಳ್ಳುತ್ತದೆ. ಸರ್ಕಾರದ ಕೆಲಸವನ್ನು ದೇವರ ಕೆಲಸವೆಂದು ಸಾರುವ ವಿಧಾನಸೌಧದ ಬರಹವೂ ಇದೇ ಆಶಯದ್ದು. ಇಂತಹ ಬಳಕೆಯಲ್ಲಿ ಅಪಾಯವೊಂದಿದೆ. ಕೂಲಿ, ಸಮಯ, ಸುರಕ್ಷತೆಗಳ ಪ್ರಶ್ನೆಯನ್ನು ಬದಿಗಿಟ್ಟು ದುಡಿಯುವವನಿಗೆ ಮಾತ್ರ ಕಾಯಕನಿಷ್ಠೆಯನ್ನು ಬೋಧಿಸಿದರೆ, ಬಿಡುಗಡೆಯ ತತ್ತ್ವವು ದುಡಿಸಿಕೊಳ್ಳುವವರ ಸಾಧನವಾಗುತ್ತದೆ. ಮಲಹೊರುವ ಪದ್ಧತಿಯನ್ನು ನಿಷೇಧಿಸಲು 1993ರಲ್ಲಿ ಒಂದು, 2013ರಲ್ಲಿ ಮತ್ತೊಂದು ಕಾಯಿದೆ ಬೇಕಾದವು. ಯಾವ ಕೆಲಸವೂ ಕೀಳಲ್ಲ ಎಂಬ ಮಾತನ್ನು ಅಂತಹ ಕೆಲಸದಲ್ಲಿ ಮನುಷ್ಯರನ್ನು ಉಳಿಸಲು ಬಳಸಿದರೆ ಅದು ಸತ್ಯಕ್ಕನ ಆಣೆಗೆ ಮಾಡುವ ಅಪಚಾರ. ಶರಣರು ಹೇಳಿದುದು ದುಡಿಯುವವನು ಕೀಳಲ್ಲವೆಂದು. ಅವನನ್ನು ಕುಗ್ಗಿಸುವ ಸ್ಥಿತಿ ಸರಿಯೆಂದಲ್ಲ.

ಈ ಹಂತದಲ್ಲಿ ಅರಿಸ್ಟಾಟಲನ ‘ಸ್ಕೋಲೆ’ ಅಥವಾ ಬಿಡುವಿನ ಕಲ್ಪನೆ ನೆರವಿಗೆ ಬರುತ್ತದೆ. ಮನುಷ್ಯನು ದುಡಿಯುವುದು ಬಿಡುವನ್ನು ಪಡೆಯುವುದಕ್ಕಾಗಿ. ಚಿಂತನೆ, ಸ್ನೇಹ, ಸಾರ್ವಜನಿಕ ಕಾರ್ಯಗಳು ಅರಳುವುದು ಆ ಬಿಡುವಿನಲ್ಲಿ ಎಂದು ಅವನು ಭಾವಿಸಿದನು. ಅವನ ತಪ್ಪು ಬಿಡುವನ್ನು ಬೆಲೆಯುಳ್ಳದ್ದೆಂದು ತಿಳಿದುದರಲ್ಲಿಲ್ಲ, ಅದನ್ನು ಕೆಲವರಿಗೆ ಮೀಸಲಿಟ್ಟುದರಲ್ಲಿದೆ. 2023ರಲ್ಲಿ ವಾರಕ್ಕೆ 70 ಗಂಟೆ ದುಡಿಯಬೇಕೆಂಬ ಮಾತಿನ ಸುತ್ತ ದೇಶದಲ್ಲಿ ಚರ್ಚೆ ನಡೆದಾಗ ಈ ಪ್ರಶ್ನೆ ಮತ್ತೆ ಮುಂದೆ ಬಂದಿತು. ದುಬಲಗುಂಡಿಯಂತಹ ಹಳ್ಳಿಗಳ ಸೀಮೆಯಿಂದ ಮಳೆಗಾಲದ ಬೆಳೆ ಕೈಗೆ ಬಂದ ಮೇಲೆ ಅಥವಾ ಬಾರದೆ ಹೋದ ಮೇಲೆ ಹೈದರಾಬಾದು, ಪುಣೆ, ಮುಂಬಯಿಗಳಿಗೆ ದುಡಿಯಲು ಹೋಗುವವರಿಗೆ ಕೆಲಸವಿಲ್ಲದ ದಿನಗಳು ಬಿಡುವಾಗುವುದಿಲ್ಲ. ಅವು ಬರಿಯ ನಿರುದ್ಯೋಗ. ಗ್ರಾಮೀಣ ಉದ್ಯೋಗ ಖಾತರಿ ಕಾಯಿದೆಯು 2006ರ ಫೆಬ್ರವರಿಯಲ್ಲಿ ಮೊದಲ ಹಂತದಲ್ಲಿ ಜಾರಿಗೆ ಬಂದ ಕರ್ನಾಟಕದ ಐದು ಜಿಲ್ಲೆಗಳಲ್ಲಿ ಬೀದರವೂ ಒಂದಾಗಿತ್ತು. ವರ್ಷಕ್ಕೆ ನೂರು ದಿನಗಳ ಕೆಲಸವನ್ನು ಹಕ್ಕೆಂದು ಮಾನ್ಯ ಮಾಡಿದ ಆ ಕ್ರಮವು ಕಾಯಕವು ಕೇವಲ ಕರ್ತವ್ಯವಲ್ಲ, ಬೇಡಬಹುದಾದ ಹಕ್ಕೂ ಹೌದು ಎಂಬುದನ್ನು ತೋರಿಸಿಕೊಟ್ಟಿತು. ಶರಣರ ಕಾಯಕಕ್ಕೆ ಅನುಭಾವ ಗೋಷ್ಠಿಯ ಜೊತೆಯಿತ್ತು. ಹಗಲು ಬಟ್ಟೆ ಒಗೆದ ಮಡಿವಾಳ ಮಾಚಯ್ಯನು ಗೋಷ್ಠಿಯಲ್ಲಿ ಕುಳಿತು ವಾದಿಸಬಲ್ಲವನಾಗಿದ್ದನು. ಗೋಷ್ಠಿಯನ್ನು ಕಿತ್ತುಕೊಂಡು ಕಾಯಕವನ್ನು ಮಾತ್ರ ಉಳಿಸಿಕೊಂಡರೆ ದೊರೆಯುವುದು ಶರಣತತ್ತ್ವದ ಅರ್ಧಭಾಗ.

7. ಪ್ರಶ್ನಿಸುವವನ ಪಾಡು

ಕ್ರಿಸ್ತಪೂರ್ವ 399ರಲ್ಲಿ ಸುಮಾರು ಐನೂರು ಪೌರರ ನ್ಯಾಯಸಭೆಯು ಯುವಕರನ್ನು ಕೆಡಿಸಿದ, ನಗರದ ದೇವತೆಗಳನ್ನು ಮನ್ನಿಸದ ಆರೋಪದ ಮೇಲೆ ಸಾಕ್ರೆಟೀಸನಿಗೆ ಮರಣದಂಡನೆ ವಿಧಿಸಿತು. ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ನಡೆದ ಮದುವೆಯ ಕಾರಣದಿಂದ ತಂದೆಯರಿಬ್ಬರೂ ಕ್ರೂರ ಶಿಕ್ಷೆಗೆ ಗುರಿಯಾದರೆಂದು ಶರಣ ಪರಂಪರೆ ಹೇಳುತ್ತದೆ. ಬೀದರಿನ ಮಹಮೂದ್ ಗವಾನನು ಶತ್ರುಗಳು ಸೃಷ್ಟಿಸಿದ ಖೊಟ್ಟಿ ಪತ್ರದ ಆಧಾರದ ಮೇಲೆ 1481ರಲ್ಲಿ ಸುಲ್ತಾನನ ಆಜ್ಞೆಯಿಂದ ಹತನಾದನು. ಈ ಮೂರು ಪ್ರಸಂಗಗಳ ಸ್ವರೂಪ ಒಂದೇ ಅಲ್ಲ. ಅಥೆನ್ಸಿನಲ್ಲಿ ಬಹುಮತವು ಕಾನೂನಿನ ಪ್ರಕಾರ ತೀರ್ಪು ನೀಡಿತು. ಕಲ್ಯಾಣದಲ್ಲಿ ಜಾತಿವ್ಯವಸ್ಥೆಯ ಒತ್ತಡಕ್ಕೆ ರಾಜ್ಯ ಮಣಿಯಿತು. ಬೀದರಿನಲ್ಲಿ ಒಬ್ಬ ದೊರೆಯ ವಿಚಾರಹೀನ ಕೋಪ ಕೆಲಸ ಮಾಡಿತು. ಆದರೆ ವಿಚಾರಣೆಯ ಹದ ತಪ್ಪಿದಾಗ ಪ್ರಜಾಪ್ರಭುತ್ವ, ರಾಜಪ್ರಭುತ್ವಗಳೆರಡೂ ತಮ್ಮ ಶ್ರೇಷ್ಠರನ್ನೇ ಬಲಿಗೊಡುತ್ತವೆಂಬುದನ್ನು ಇವು ಒಟ್ಟಾಗಿ ತಿಳಿಸುತ್ತವೆ.

ಇದು ಗತಕಾಲದ ಮಾತು ಮಾತ್ರವಲ್ಲ. ಕರ್ನಾಟಕ ಸರ್ಕಾರ ಪ್ರಕಟಿಸಿದ ಹದಿನೈದು ಸಂಪುಟಗಳ ಸಮಗ್ರ ವಚನ ಸಾಹಿತ್ಯ ಯೋಜನೆಯ ಪ್ರಧಾನ ಸಂಪಾದಕರಾಗಿದ್ದ ಎಂ. ಎಂ. ಕಲಬುರ್ಗಿ ಅವರು 2015ರ ಆಗಸ್ಟ್ 30ರಂದು ಧಾರವಾಡದ ತಮ್ಮ ಮನೆಯಲ್ಲಿ ಗುಂಡಿಗೆ ಬಲಿಯಾದರು. ವಚನಗಳನ್ನು ಸಂಪುಟಗಳಲ್ಲಿ ಸಂಗ್ರಹಿಸಿ ಗೌರವಿಸುವ ಸಮಾಜವು ಅವುಗಳನ್ನು ಸಂಗ್ರಹಿಸಿದ ಸಂಶೋಧಕನನ್ನು ಉಳಿಸಿಕೊಳ್ಳಲಾಗದೆ ಹೋದ ಸಂಗತಿಯು ಈ ಪ್ರಬಂಧದ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದೆ. ಪರೀಕ್ಷೆಗೆ ಒಳಪಡದ ಬಾಳು ಬಾಳಲ್ಲವೆಂಬ ಸಾಕ್ರೆಟೀಸನ ನಿಲುವನ್ನೂ ನಡೆನುಡಿ ಒಂದಾಗಬೇಕೆಂಬ ಶರಣರ ನಿಲುವನ್ನೂ ಪಠ್ಯವಾಗಿ ಓದುವುದು ಸುಲಭ. ಅವುಗಳನ್ನು ಆಚರಿಸುವವರಿಗೆ ಸಮಾಜ ಕೊಡುವ ರಕ್ಷಣೆಯಿಂದ ಅವುಗಳ ನಿಜವಾದ ಬೆಲೆ ತಿಳಿಯುತ್ತದೆ.

8. ಸಮಾರೋಪ

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಪಾಶ್ಚಾತ್ಯ ಚಿಂತನೆಯು ಗ್ರೀಕರ ಸದ್ಗುಣ ನೀತಿಗೆ ಮರಳಿತು. 1958ರಲ್ಲಿ ಎಲಿಜಬೆತ್ ಆನ್ಸ್‌ಕೂಂಬ್ ಬರೆದ ಲೇಖನ, 1981ರಲ್ಲಿ ಅಲಾಸ್ಡೇರ್ ಮ್ಯಾಕಿಂಟೈರ್ ಪ್ರಕಟಿಸಿದ ‘ಆಫ್ಟರ್ ವರ್ಚ್ಯೂ’, ಮಾರ್ತಾ ನುಸ್ಬಾಮ್ ಮತ್ತು ಅಮರ್ತ್ಯ ಸೇನ್ ಅವರ ಮಾನವ ಸಾಮರ್ಥ್ಯಗಳ ವಿಚಾರ ಇವು ಆ ಮರುಚಿಂತನೆಯ ಘಟ್ಟಗಳು. ಈ ಚರ್ಚೆಯಲ್ಲಿ ಅರಿಸ್ಟಾಟಲನ ದಾಸ್ಯ ಸಮರ್ಥನೆಯನ್ನೂ ಸ್ತ್ರೀಯರ ಬಗೆಗಿನ ಧೋರಣೆಯನ್ನೂ ಬಿಟ್ಟು ಉಳಿದುದನ್ನು ಸ್ವೀಕರಿಸುವ ಪ್ರಯತ್ನ ನಡೆದಿದೆ. ಆದರೆ ಕೈದುಡಿಮೆಯನ್ನು ಸದ್ಗುಣದಿಂದ ಹೊರಗಿಟ್ಟುದು ಅವನ ತತ್ತ್ವದ ಅಂಚಿನ ದೋಷವಲ್ಲ. ಬಿಡುವು, ಪೌರತ್ವ, ಸಾರ್ಥಕತೆಗಳ ಕುರಿತ ಅವನ ವಿಚಾರದೊಳಗೇ ಅದು ಬೆಸೆದುಕೊಂಡಿದೆ. ಅದನ್ನು ಒಳಗಿನಿಂದಲೇ ತಿದ್ದುವ ಸಾಧನ ಕಲ್ಯಾಣದ ಕಾಯಕ ತತ್ತ್ವದಲ್ಲಿದೆ. ಅದೇ ರೀತಿ, ಘೋಷಣೆಯಾಗಿ ಬಳಲುತ್ತಿರುವ ಕಾಯಕಕ್ಕೆ ನ್ಯಾಯದ ಪ್ರಮಾಣ, ಬಿಡುವಿನ ಹಕ್ಕು, ವ್ಯವಹಾರ ವಿವೇಕಗಳ ಸ್ಪಷ್ಟತೆಯನ್ನು ಗ್ರೀಕ್ ನೀತಿಮೀಮಾಂಸೆ ಒದಗಿಸಬಲ್ಲದು.

ಆದ್ದರಿಂದ ಈ ಎರಡು ಪರಂಪರೆಗಳ ಸಂಬಂಧವನ್ನು ಶ್ರೇಷ್ಠತೆಯ ಸ್ಪರ್ಧೆಯಾಗಿ ಕಾಣದೆ ಪರಸ್ಪರ ತಿದ್ದುಪಡಿಯಾಗಿ ಕಾಣುವುದು ಉಚಿತ. ಇದಕ್ಕಾಗಿ ಗ್ರೀಕ್ ನೀತಿಗ್ರಂಥಗಳನ್ನು ಹದ, ಅರಿವು, ಆಚಾರ, ನಡೆನುಡಿ ಮುಂತಾದ ದೇಸಿ ಪರಿಭಾಷೆಯಲ್ಲಿ ಕನ್ನಡಿಸುವ ಕೆಲಸ, ಬೀದರಿನ ಪಾರಸಿ ಮೂಲಗಳ ಅಧ್ಯಯನ ಮತ್ತು ಆಯ, ಮುಯ್ಯಿಗಳಂತಹ ಗ್ರಾಮೀಣ ಪದ್ಧತಿಗಳ ನೈತಿಕ ವಿಶ್ಲೇಷಣೆ ಇವು ಮೂರೂ ಒಟ್ಟಿಗೆ ಸಾಗಬೇಕು. ಮುಯ್ಯಾಳು ಪದ್ಧತಿಯನ್ನು ನೆನಪಿಟ್ಟುಕೊಂಡ ಹಿರಿಯರು ಕಲ್ಯಾಣ ನಾಡಿನ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಅವರ ನೆನಪುಗಳನ್ನು ದಾಖಲಿಸುವುದರಿಂದ ಈ ಅಧ್ಯಯನವು ಆರಂಭವಾಗುವುದು ಯೋಗ್ಯ.